ಮೊದಲ ಡ್ರಮ್ ಸೆಟ್: ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು

ಮಕ್ಕಳು ಡ್ರಮ್ ಕಲಿಯುತ್ತೇನೆಂದು ಹಟ ಹಿಡಿದಾಗ ಮನೆಯವರು ನೇರವಾಗಿ ಅಂಗಡಿಗೆ ಹೋಗುತ್ತಾರೆ, ಕೆಂಪಗೆ ಹೊಳೆಯುವ ಸೆಟ್ ತೋರಿಸಿ ಬೆಲೆ ಕೇಳುತ್ತಾರೆ. ಹಾಗೆ ಶುರುವಾದರೆ ಹಣವೆಲ್ಲ ಹೊಳಪಿಗೇ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಕ್ರಮ ಇದಕ್ಕೆ ತದ್ವಿರುದ್ಧ: ಮೊದಲು ಮನೆಯ ಜಾಗ, ಆಮೇಲೆ ಕೈಕಾಲಿಗೆ ತಾಗುವ ಭಾಗಗಳು, ಮರ ಮತ್ತು ಬಣ್ಣ ಕಡೆಗೆ.

ಸ್ಟಿಕ್ ಮತ್ತು ಪ್ಯಾಡ್‌ನಿಂದ ಆರಂಭ

ಮೊದಲ ಎರಡು ಮೂರು ತಿಂಗಳಿಗೆ ಒಂದು ಜೊತೆ ಸ್ಟಿಕ್, ಒಂದು ರಬ್ಬರ್ ಪ್ರಾಕ್ಟೀಸ್ ಪ್ಯಾಡ್, ಮೊಬೈಲ್‌ನಲ್ಲೊಂದು ಮೆಟ್ರೊನೋಮ್ (ಸಮವೇಗದಲ್ಲಿ ಟಿಕ್ ಟಿಕ್ ಎಂದು ತಾಳ ಹಾಕುವ ಸಾಧನ) ಸಾಕು. ದೊಡ್ಡವರಿಗೆ 5ಎ ಅಳತೆಯ ಸ್ಟಿಕ್, ಸಣ್ಣ ಕೈಗಳಿಗೆ ಅದಕ್ಕಿಂತ ತೆಳುವಾದ 7ಎ. ಹಿಕರಿ ಮರದ್ದಾದರೆ ಬಾಳಿಕೆ ಚೆನ್ನ. ಕೊಳ್ಳುವಾಗ ಸ್ಟಿಕ್ಕನ್ನು ಗಾಜಿನ ಕೌಂಟರ್ ಮೇಲೆ ಉರುಳಿಸಿ ನೋಡಿ. ಓಲಾಡುತ್ತಾ ಉರುಳಿದರೆ ಬಾಗಿದೆ ಎಂದೇ ಅರ್ಥ. ಜೊತೆಯ ಎರಡನ್ನೂ ಒಂದೊಂದಾಗಿ ತಟ್ಟಿ, ಸ್ವರ ಒಂದೇ ಬಗೆಯಾಗಿ ಕೇಳಬೇಕು.

ನಿಮಿಷಕ್ಕೆ 60 ಪೆಟ್ಟಿನ ವೇಗದಲ್ಲಿ ಬಲ, ಎಡ, ಬಲ, ಎಡ. ಎರಡೂ ಕೈಯ ಸದ್ದು ಸಮನಾಗುವವರೆಗೆ ಇದೇ ಪಾಠ. ಈ ಬೇಸರದ ಅಭ್ಯಾಸವನ್ನು ದಾಟಿ ಬಂದ ಮಗುವಿಗೆ ಸೆಟ್ ಕೊಡಿಸಲು ನಾನು ಎರಡನೆಯ ಮಾತಿಲ್ಲದೆ ಹೇಳುತ್ತೇನೆ.

ಸದ್ದು ಎಲ್ಲಿಗೆ ಹೋಗುತ್ತದೆ?

ನಿಜವಾದ ಡ್ರಮ್ ಸೆಟ್ಟಿನ ಸದ್ದು ಸಲೀಸಾಗಿ 100 ಡೆಸಿಬೆಲ್ ಮುಟ್ಟುತ್ತದೆ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಸ್ವಂತ ಮನೆ, ಸುತ್ತ ಒಂದಿಷ್ಟು ತೋಟ, ಹೊಂದಿಕೊಳ್ಳುವ ನೆರೆಹೊರೆ ಇದ್ದರೆ ಅಕೂಸ್ಟಿಕ್ ಸೆಟ್, ಅಂದರೆ ವಿದ್ಯುತ್ತಿಲ್ಲದೆ ನುಡಿಯುವ ನಿಜವಾದ ಡ್ರಮ್‌ಗಳನ್ನು ತನ್ನಿ. ಅಪಾರ್ಟ್‌ಮೆಂಟ್ ಆದರೆ ಹೆಡ್‌ಫೋನ್ ಹಾಕಿ ನುಡಿಸುವ ಎಲೆಕ್ಟ್ರಾನಿಕ್ ಸೆಟ್ಟೇ ದಾರಿ.

ಅದರಲ್ಲೂ ಒಂದು ತೊಡಕಿದೆ. ಪ್ಯಾಡ್‌ಗಳ ಸದ್ದು ಕೋಣೆಯಲ್ಲೇ ಅಡಗಿದರೂ ಕಾಲಿನ ಪೆಡಲ್‌ನ ಗುದ್ದು ನೆಲದೊಳಗೆ ಇಳಿದು ಕೆಳಮನೆಯ ಸೂರಿನಲ್ಲಿ ಧಡ್ ಧಡ್ ಎನ್ನುತ್ತದೆ. ದಪ್ಪ ರಬ್ಬರ್ ಹಾಸು, ಅದರ ಮೇಲೊಂದು ಜಮಖಾನ ಹಾಕಿದರೆ ಬಹಳಷ್ಟು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಕೆಳಮನೆಯವರನ್ನು ಒಮ್ಮೆ ಮಾತನಾಡಿಸಿ, ಅಭ್ಯಾಸದ ಹೊತ್ತನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಎಲೆಕ್ಟ್ರಾನಿಕ್ ಸೆಟ್‌ನಲ್ಲಿ ಹೆಚ್ಚು ಪೆಟ್ಟು ಬೀಳುವ ನಡುವಿನ ಡ್ರಮ್ಮಾದ ಸ್ನೇರ್‌ಗಾದರೂ ಬಲೆಯಂಥ ಮೆಶ್ ಹೆಡ್ (ಹೆಡ್ ಎಂದರೆ ಪೆಟ್ಟು ಬೀಳುವ ಮೇಲಿನ ಹೊದಿಕೆ) ಇರಲಿ. ಗಟ್ಟಿ ರಬ್ಬರ್ ಮೇಲೆ ಬಡಿದು ಬಡಿದು ಮಣಿಕಟ್ಟು ನೋಯುತ್ತದೆ. ಬರೀ ಸ್ವಿಚ್‌ನಂತಿರುವ ಪೆಡಲ್ ಬೇಡ. ಸುತ್ತಿಗೆಯಂಥ ಬೀಟರ್ ನಿಜವಾಗಿ ಬಂದು ಪ್ಯಾಡ್‌ಗೆ ಬಡಿಯುವಂಥದ್ದನ್ನೇ ಕೇಳಿ. ಆರ್ಕೆಸ್ಟ್ರಾಗಳಲ್ಲಿ ಕಾಣುವ, ಎಂಟು ಪ್ಯಾಡ್‌ಗಳ ಎಲೆಕ್ಟ್ರಾನಿಕ್ ಹಲಗೆಯಾದ ಆಕ್ಟೋಪ್ಯಾಡನ್ನು ಡ್ರಮ್ ಸೆಟ್ಟಿಗೆ ಬದಲಿ ಎಂದುಕೊಂಡು ತರುವವರೂ ಇದ್ದಾರೆ. ಅದು ವೇದಿಕೆಗೆ ಒಳ್ಳೆಯ ವಾದ್ಯ, ಆದರೆ ಮುಖ್ಯವಾಗಿ ಕೈಗಳಿಗೆ. ಡ್ರಮ್ ಕಲಿಕೆಯ ಅರ್ಧ ಭಾಗ ಕಾಲುಗಳಲ್ಲಿದೆ.

ಪೆಟ್ಟಿಗೆಯಲ್ಲಿ ಏನೇನಿದೆ?

‘ಫೈವ್ ಪೀಸ್’ ಎಂದರೆ ಐದು ಡ್ರಮ್ ಮಾತ್ರ: ಕಾಲಿನಿಂದ ನುಡಿಸುವ ಬಾಸ್, ತೊಡೆಗಳ ನಡುವಿನ ಸ್ನೇರ್, ಎರಡು ಟಾಮ್, ಬಲಗಡೆ ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್. ಲೋಹದ ತಟ್ಟೆಯಂಥ ಸಿಂಬಲ್ ಈ ಲೆಕ್ಕದಲ್ಲಿ ಇಲ್ಲ. ಕೆಲವು ಸೆಟ್‌ಗಳಲ್ಲಿ ಸಿಂಬಲ್, ಸ್ಟ್ಯಾಂಡ್, ಕುರ್ಚಿ, ಪೆಡಲ್ ಯಾವುದೂ ಇರುವುದಿಲ್ಲ. ಒಳಗೆ ಏನೇನಿದೆ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಅಳತೆಯಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳುವುದು ಬೇಡ. 20 ಅಥವಾ 22 ಇಂಚಿನ ಬಾಸ್, 14ರ ಸ್ನೇರ್, 10 ಮತ್ತು 12ರ ಟಾಮ್, 14ರ ಫ್ಲೋರ್ ಟಾಮ್ ಹೆಚ್ಚಿನವರಿಗೆ ಹೊಂದುತ್ತದೆ. ಎಂಟು ವರ್ಷದೊಳಗಿನ ಮಗುವಿಗೆ 16 ಇಂಚಿನ ಬಾಸ್ ಇರುವ ಜೂನಿಯರ್ ಸೆಟ್ ಅನುಕೂಲ. ಮರವೂ ಅಷ್ಟೇ: ಕಲಿಯುವವರಿಗೆ ಪಾಪ್ಲರ್ ಸಾಕು, ಮೇಪಲ್, ಬರ್ಚ್ ಆಮೇಲೆ ನೋಡಿಕೊಳ್ಳಬಹುದು. ಅಗ್ಗದ ಸೆಟ್ಟಿಗೂ ಒಳ್ಳೆಯ ಹೆಡ್ ಹಾಕಿಸಿದರೆ ನಾದ ಬದಲಾಗುತ್ತದೆ. ರೆಮೊ, ಇವಾನ್ಸ್ ಕಂಪನಿಗಳವು ಇಲ್ಲಿಯೂ ಸಿಗುತ್ತವೆ.

ಸಿಂಬಲ್‌ನಲ್ಲಿ ಮಾತ್ರ ಜಿಪುಣತನ ಬೇಡ. ಕಡಿಮೆ ಬೆಲೆಯ ಸೆಟ್ ಜೊತೆ ಬರುವುದು ಹಿತ್ತಾಳೆಯದು, ಅಂದರೆ ತಾಮ್ರಕ್ಕೆ ಸತು ಬೆರೆಸಿದ್ದು. ಒಳ್ಳೆಯವು ಕಂಚಿನವು: ಬಿ8 ಎಂದರೆ ಶೇ 8ರಷ್ಟು ತವರ, ಬಿ20 ಎಂದರೆ ಶೇ 20. ಭಜನೆಯ ಕಂಚಿನ ತಾಳದ ನಾದ ಎಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ ಎಂಬುದು ಕಿವಿಗೆ ಗೊತ್ತಿದ್ದವರಿಗೆ ಈ ವ್ಯತ್ಯಾಸವನ್ನು ಬೇರೆ ಹೇಳಬೇಕಿಲ್ಲ. ಹಣ ಸಾಲದಿದ್ದರೆ ಆಗೊಮ್ಮೆ ಈಗೊಮ್ಮೆ ಜೋರಾಗಿ ಬಡಿಯುವ ಕ್ರ್ಯಾಶ್ ಸಿಂಬಲ್ ಬಿಡಿ. 14 ಇಂಚಿನ ಹೈ-ಹ್ಯಾಟ್ (ಕಾಲಿನ ಪೆಡಲ್‌ನಿಂದ ಮುಚ್ಚಿ ತೆರೆಯುವ ಸಿಂಬಲ್) ಜೋಡಿ, ತಾಳ ಹಿಡಿಯಲು ಬಳಸುವ 20 ಇಂಚಿನ ರೈಡ್ ಎರಡನ್ನಾದರೂ ಬಿ8 ಕಂಚಿನಲ್ಲಿ ಕೊಳ್ಳಿ.

ಆಮೇಲೆ ಕುರ್ಚಿ. ಊಟದ ಮೇಜಿನ ಸ್ಟೂಲ್ ಎಳೆದು ಕೂರಿಸಬೇಡಿ. ಎತ್ತರ ಹೊಂದಿಸಬಲ್ಲ ಡ್ರಮ್ ಕುರ್ಚಿಯಲ್ಲಿ ಕುಳಿತಾಗ ಸೊಂಟ ಮಂಡಿಗಿಂತ ತುಸು ಮೇಲಿರಬೇಕು. ಅದಿಲ್ಲದೆ ಕಾಲಿಗೆ ಬಲ ಬರುವುದಿಲ್ಲ, ಬೆನ್ನು ಬೇಗ ಸೋಲುತ್ತದೆ.

ಹಳೆಯದನ್ನು ಕೊಳ್ಳುವುದಾದರೆ

ನನ್ನ ಒಲವು ಇದರ ಕಡೆಗೇ. ಒಂದೆರಡು ವರ್ಷ ನುಡಿಸಿ ಬಿಟ್ಟ ಒಳ್ಳೆಯ ಸೆಟ್, ಅದೇ ಹಣದ ಹೊಸ ಅಗ್ಗದ ಸೆಟ್‌ಗಿಂತ ಮೇಲು. ವಾದ್ಯದಂಗಡಿಗಳಿರುವ ಬೆಂಗಳೂರಿನ ಬಳೇಪೇಟೆಗೇ ಹೋಗಿ, ಪರಿಚಯದವರ ಮನೆಗೇ ಹೋಗಿ, ನುಡಿಸಬಲ್ಲವರೊಬ್ಬರು ಜೊತೆಗಿರಲಿ. ಹೆಡ್‌ನ ತಿರುಪು ತಿರುಗಿಸುವ ಡ್ರಮ್ ಕೀಲಿಯನ್ನೂ ಜೇಬಿನಲ್ಲಿಟ್ಟುಕೊಳ್ಳಿ.

ಸಿಂಬಲ್ ಕೆಳಗಿಳಿಸಿ ಅಂಚಿನ ಸುತ್ತ ಉಗುರು ಆಡಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಅದು ಬೆಳೆಯುತ್ತಲೇ ಹೋಗುತ್ತದೆ. ನಡುವಿನ ತೂತು ಗುಂಡಗಿರಬೇಕು. ಒಂದು ಕಡೆಗೆ ಸವೆದು ಉದ್ದವಾಗಿದ್ದರೆ ಬೆಲೆ ಇಳಿಸಿ ಕೇಳಿ. ಮಾಲೀಕರ ಒಪ್ಪಿಗೆ ಪಡೆದು ಒಂದು ಟಾಮ್‌ನ ಹೆಡ್ ಬಿಚ್ಚಿ, ಮರದ ಅಂಚನ್ನು ಸಮತಟ್ಟಾದ ಗ್ರಾನೈಟ್ ಕಟ್ಟೆಯ ಮೇಲೆ ಬೋರಲಾಗಿ ಇಡಿ. ಅಂಚಿನಡಿ ಬೆಳಕು ತೂರಿ ಬಂದರೆ ಆ ಡ್ರಮ್ ಎಂದಿಗೂ ಸರಿಯಾಗಿ ಶ್ರುತಿಗೆ ಬಾರದು. ಸ್ನೇರ್‌ನ ಪಕ್ಕದ ಸನ್ನೆಯನ್ನು ಹತ್ತಾರು ಸಲ ಮೇಲೆ ಕೆಳಗೆ ಮಾಡಿ. ಅಡಿಯ ತಂತಿಗಳು ಒಟ್ಟಿಗೆ ಹತ್ತಬೇಕು, ಒಟ್ಟಿಗೆ ಬಿಡಬೇಕು. ಹರಿದ ಹೆಡ್, ಕಿರುಗುಟ್ಟುವ ಪೆಡಲ್‌ಗೆ ಹೆದರಬೇಡಿ, ಅವು ಸರಿಹೋಗುವ ಸಂಗತಿಗಳು.

ಮನೆಗೆ ತಂದ ಮೇಲೆ

ಮೊದಲು ಕುರ್ಚಿ ಇಡಿ, ಮಗುವನ್ನು ಕೂರಿಸಿ. ಪಾದ ಸಹಜವಾಗಿ ಬೀಳುವ ಕಡೆ ಪೆಡಲ್‌ಗಳು, ಕೈ ಇಳಿಬಿಟ್ಟಲ್ಲಿ ಸ್ನೇರ್. ಉಳಿದದ್ದು ಅದರ ಸುತ್ತ. ಮೈ ಸೆಟ್ಟಿಗೆ ಬಾಗಬಾರದು, ಸೆಟ್ಟೇ ಮೈಗೆ ಹೊಂದಬೇಕು.

ಶ್ರುತಿ ಮಾಡುವಾಗ ಎಲ್ಲ ತಿರುಪುಗಳನ್ನೂ ಬೆರಳಿನಿಂದ ಬಿಗಿದು, ಆಮೇಲೆ ಕೀಲಿಯಲ್ಲಿ ಅರ್ಧ ಸುತ್ತು, ಒಂದರ ನಂತರ ಅದರ ಎದುರಿನದು. ಪಕ್ಕಪಕ್ಕದವನ್ನು ಸಾಲಾಗಿ ಬಿಗಿದರೆ ಹೆಡ್ ಒಂದು ಕಡೆಗೆ ಎಳೆಯುತ್ತದೆ. ಪ್ರತಿ ತಿರುಪಿನಿಂದ ಒಂದಿಂಚು ಒಳಗೆ ಮೆಲ್ಲಗೆ ತಟ್ಟಿ, ಎಲ್ಲೆಡೆ ಒಂದೇ ಸ್ವರ ಬರುವವರೆಗೆ ಹೊಂದಿಸಿ. ಬಾಸ್ ಡ್ರಮ್ ಗುಂಯ್‌ಗುಟ್ಟಿದರೆ ಒಳಗೊಂದು ಮಡಿಸಿದ ಹಳೆಯ ಕಂಬಳಿ ಇಡಿ.

ಅಕೂಸ್ಟಿಕ್ ಸೆಟ್ಟಿಗೆ ಕಿವಿರಕ್ಷಕ ಅದೇ ದಿನ ಬರಬೇಕು, ಮುಂದಿನ ತಿಂಗಳಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್‌ನ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. 100ಕ್ಕೆ ಏರಿದರೆ ಬರೀ 15 ನಿಮಿಷ. ಪಕ್ಕದಲ್ಲಿ ಕುಳಿತು ಕೇಳುವ ತಂಗಿಗೂ ತಮ್ಮನಿಗೂ ಒಂದೊಂದು ಜೊತೆ ತನ್ನಿ.