ಅಡುಗೆ ಬಾರದವನ ಊಟ: ಕಲಬುರಗಿಯ ಬಾಡಿಗೆ ಕೋಣೆಯಲ್ಲಿ ನಾನು ಮಾಡಿಕೊಂಡ ವ್ಯವಸ್ಥೆ

ಕೆಲಸದ ಮೇಲೆ ಕಲಬುರಗಿಗೆ ಬಂದು ಒಂದು ಕೋಣೆ ಬಾಡಿಗೆಗೆ ಹಿಡಿದಾಗ ಚಹಾ ಕಾಸುವುದರ ಹೊರತು ಒಲೆಯ ಮುಂದೆ ನನಗೆ ಬೇರೇನೂ ಬರುತ್ತಿರಲಿಲ್ಲ. ಒಗ್ಗರಣೆಗೆ ಎಣ್ಣೆ ಎಷ್ಟು ಕಾದಾಗ ಸಾಸಿವೆ ಹಾಕಬೇಕೆಂಬ ಅಂದಾಜು ಈಗಲೂ ಕೈಗೆ ಹತ್ತಿಲ್ಲ. ಆದರೂ ಕೆಲವು ವರ್ಷಗಳಿಂದ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ಸಂಬಳವನ್ನು ಹೋಟೆಲಿಗೆ ಸುರಿಯುತ್ತಿಲ್ಲ, ಹೊಟ್ಟೆಯೂ ಕೆಟ್ಟಿಲ್ಲ. ಇದು ಸಾಧ್ಯವಾದದ್ದು ಈ ಭಾಗದ ಊಟದ ರೀತಿಯಿಂದ. ಇಲ್ಲಿಯ ತಾಟಿನಲ್ಲಿ ರೊಟ್ಟಿ, ಹಿಂಡಿ (ಚಟ್ನಿಪುಡಿ), ಮೊಸರು, ಹಸಿ ಉಳ್ಳಾಗಡ್ಡಿ, ಸೊಪ್ಪು, ಬೇಳೆ ಎಂದು ಎಲ್ಲವೂ ಬಿಡಿಬಿಡಿಯಾಗಿಯೇ ಬರುತ್ತವೆ. ಅವುಗಳಲ್ಲಿ ಬೇಳೆಯೊಂದನ್ನು ಬಿಟ್ಟರೆ ಉಳಿದುದನ್ನೆಲ್ಲ ಸಿದ್ಧವಾಗಿಯೇ ಕೊಳ್ಳಬಹುದು. ಆದ್ದರಿಂದ ಅಡುಗೆ ಕಲಿಯುವುದಕ್ಕೆ ಮೊದಲು ಏನನ್ನು ಕೊಳ್ಳಬೇಕು, ಕೊಂಡದ್ದನ್ನು ಹೇಗೆ ಇಡಬೇಕು ಎಂಬುದನ್ನು ಕಲಿತೆ. ಬೆಂಕಿಯ ಕೆಲಸಗಳಲ್ಲಿ ಬೇಳೆ ಬೇಯಿಸುವುದೊಂದೇ ಸಾಕಾಯಿತು.

ಮೊದಲನೆಯದು ಖಡಕ್ ರೊಟ್ಟಿ. ಕಲಬುರಗಿಯ ಬಹುತೇಕ ಬಡಾವಣೆಗಳಲ್ಲಿ ಮನೆಯಲ್ಲಿಯೇ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳಿದ್ದಾರೆ. ಮಹಿಳಾ ಸ್ವಸಹಾಯ ಸಂಘಗಳು ಮಾಡಿದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುವುದಕ್ಕೆ ಜಿಲ್ಲಾಡಳಿತವೂ ಬೆಂಬಲ ಕೊಟ್ಟಿದೆ. ಬಿಸಿ ರೊಟ್ಟಿಯೂ ಸಿಗುತ್ತದೆ, ಆದರೆ ಅದು ಆ ಹೊತ್ತಿನ ಊಟಕ್ಕೆ ಮಾತ್ರ ಚೆನ್ನ. ತೆಳ್ಳಗೆ ಬಡಿದು, ಬೇಯಿಸಿ, ಹೆಂಚಿನ ಬಿಸಿಯಲ್ಲಿ ತೇವವೆಲ್ಲ ಹೋಗುವ ಹಾಗೆ ಒಣಗಿಸಿದ ಖಡಕ್ ರೊಟ್ಟಿಯಾದರೆ ವಾರಗಟ್ಟಲೆ ಕೆಡದೆ ಇರುತ್ತದೆ. ಅದರೊಳಗೆ ನೀರಿನ ಅಂಶ ಬಹಳ ಕಡಿಮೆ ಇರುವುದರಿಂದ ಒಣಗಿದಂತೆ ಇಟ್ಟರೆ ಬೂಸಲು ಸುಲಭವಾಗಿ ಹಿಡಿಯುವುದಿಲ್ಲ. ಕೊಳ್ಳುವಾಗ ನಾನು ಒಂದು ರೊಟ್ಟಿಯ ಅಂಚನ್ನು ಮುರಿದು ನೋಡುತ್ತೇನೆ. ಟಕ್ಕೆಂದು ಮುರಿದರೆ ಸರಿ. ಬಾಗಿ ಮುರಿದರೆ ಒಳಗೆ ತೇವವಿದೆ ಎಂದರ್ಥ, ಅಂಥದ್ದನ್ನು ಎರಡು ಮೂರು ದಿನಗಳಲ್ಲಿ ತಿಂದು ಮುಗಿಸಬೇಕಾಗುತ್ತದೆ. ಹಿಂಗಾರಿ ಬೆಳೆಯಾದ ಬಿಳಿಜೋಳದ ರೊಟ್ಟಿ, ಅದರಲ್ಲಿಯೂ ಮಾಲದಂಡಿ ಜೋಳದ್ದು, ಬಣ್ಣದಲ್ಲಿ ಬೆಳ್ಳಗಿದ್ದು ನಾಲಿಗೆಗೆ ತುಸು ಸಿಹಿಯೆನಿಸುತ್ತದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಬರುತ್ತದೆ, ಸಿಕ್ಕಾಗ ಬಿಡಬಾರದು.

ರೊಟ್ಟಿಯನ್ನು ಹಳೆಯ ಸ್ವಚ್ಛ ಧೋತರದ ತುಂಡಿನಲ್ಲಿ ಸುತ್ತಿ ಮುಚ್ಚಳ ಬಿಗಿಯಾಗಿರುವ ತಗಡಿನ ಡಬ್ಬಿಯಲ್ಲಿ ಇಡುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ಹಾಗೆ ಮೆತ್ತಗಾದದ್ದನ್ನು ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಕಾಯಿಸಿದರೆ ಮತ್ತೆ ಗರಿಗರಿಯಾಗುತ್ತದೆ, ಆದರೆ ಹಸಿರು ಅಥವಾ ಕಪ್ಪು ಚುಕ್ಕೆ ಕಂಡ ರೊಟ್ಟಿಯನ್ನು ಯಾವ ಕಾರಣಕ್ಕೂ ಉಳಿಸಿಕೊಳ್ಳುವುದಿಲ್ಲ. ಹಲ್ಲು ಗಟ್ಟಿಯಿದ್ದವರು ಖಡಕ್ ರೊಟ್ಟಿಯನ್ನು ಹಾಗೆಯೇ ಕಡಿದು ತಿನ್ನುತ್ತಾರೆ. ನನಗೆ ಅದನ್ನು ಮೆತ್ತಗೆ ಮಾಡುವ ರೀತಿಯನ್ನು ಕಲಿಸಿದವರು ರೊಟ್ಟಿ ಕೊಡುವ ಅಕ್ಕ. ನಾನು ನಲ್ಲಿಯ ಕೆಳಗೆ ರೊಟ್ಟಿ ಹಿಡಿಯುತ್ತೇನೆಂದು ಕೇಳಿ ನಕ್ಕು, “ಹಂಗ ಮಾಡಬ್ಯಾಡ ತಮ್ಮಾ, ಅಂಗೈ ಹಸಿ ಮಾಡ್ಕೊಂಡು ಎರಡೂ ಕಡೆ ಸವರು, ಅರಿವ್ಯಾಗ ಸುತ್ತಿಡು, ಕೈ ಕಾಲು ತೊಳ್ಕೊಂಡು ಬರೂದ್ರಾಗ ಮೆತ್ತಗಾಗಿರ್ತದ” ಎಂದರು. ಹಾಗೆಯೇ ಆಗುತ್ತದೆ. ಬಿಸಿ ಬೇಳೆಯಲ್ಲಿ ಮುರಿದು ಹಾಕಿ ಐದು ನಿಮಿಷ ಬಿಡುವುದು ಇನ್ನೊಂದು ರೀತಿ. ರಾತ್ರಿ ತಡವಾಗಿ ಬಂದ ದಿನ ನನ್ನ ಊಟ ಅಷ್ಟೇ.

ಹಿಂಡಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹುರಿದ ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಒಣ ಖಾರ, ಉಪ್ಪು ಸೇರಿಸಿ ಕುಟ್ಟಿದ ಶೇಂಗಾದ ಹಿಂಡಿ, ಅಗಸೆ ಹಿಂಡಿ, ಗುರೆಳ್ಳು ಹಿಂಡಿ, ಈ ಮೂರೂ ರೊಟ್ಟಿ ಸಿಗುವಲ್ಲಿಯೇ ಸಿಗುತ್ತವೆ. ಕಾಲು ಕಿಲೋಗಿಂತ ಹೆಚ್ಚು ಕೊಳ್ಳಬಾರದು, ಏಕೆಂದರೆ ಇಲ್ಲಿಯ ಬಿಸಿಲಿಗೆ ಶೇಂಗಾದ ಎಣ್ಣೆ ಬೇಗ ಕಮಟು ವಾಸನೆಗೆ ತಿರುಗುತ್ತದೆ. ಕುಟ್ಟಿದ ಹಿಂಡಿ ಒತ್ತಿದರೆ ಉಂಡೆ ಕಟ್ಟುತ್ತದೆ, ಮಿಕ್ಸಿಯಲ್ಲಿ ಪುಡಿ ಮಾಡಿದ್ದು ಉದುರುತ್ತದೆ. ನನ್ನ ನಾಲಿಗೆಗೆ ಕುಟ್ಟಿದ್ದೇ ಆಗಬೇಕು. ಮೊಸರಿನಲ್ಲಿ ಕಲಸಿಕೊಂಡರೆ ಅದೇ ಪಲ್ಯವಾಗುತ್ತದೆ.

ಇನ್ನು ಬೇಳೆ. ಈ ಜಿಲ್ಲೆಯ ಕಪ್ಪು ಮಣ್ಣಿನಲ್ಲಿ ಬೆಳೆಯುವ ತೊಗರಿಗೆ 2019ರಲ್ಲಿ ‘ಗುಲಬರ್ಗಾ ತೊಗರಿ ಬೇಳೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅಡುಗೆ ಬಾರದವನಿಗೆ ಆ ಮಾನ್ಯತೆಗಿಂತ ಮುಖ್ಯವಾದದ್ದು ಈ ಬೇಳೆ ಬೇಗ ಬೇಯುತ್ತದೆ ಎಂಬುದು ಮತ್ತು ಬರೀ ಉಪ್ಪು, ಅರಿಶಿನ ಹಾಕಿದರೂ ರುಚಿಯಾಗಿರುತ್ತದೆ ಎಂಬುದು. ನಾನು ಮಾಡುವುದು ಇಷ್ಟು: ಒಂದು ಸಣ್ಣ ಬಟ್ಟಲು ಬೇಳೆಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಆಫೀಸಿನಿಂದ ಬಂದ ಕೂಡಲೇ ನೆನೆಯಿಟ್ಟು, ಅರ್ಧ ಗಂಟೆಯ ನಂತರ ಅದೇ ಬಟ್ಟಲಿನಿಂದ ಮೂರು ಅಳತೆ ನೀರು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ, ಸೀಳಿದ ಒಂದು ಹಸಿಮೆಣಸಿನಕಾಯಿ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ ಸೇರಿಸಿ ಕುಕ್ಕರಿನಲ್ಲಿ ಇಡುತ್ತೇನೆ. ಎಣ್ಣೆ ಹಾಕುವುದು ರುಚಿಗಲ್ಲ; ಬೇಳೆ ಕುದಿಯುವಾಗ ಏಳುವ ನೊರೆ ಸೀಟಿಯ ತೂತಿಗೆ ಹೋಗಿ ಕಟ್ಟಿಕೊಳ್ಳದಿರಲೆಂದು. ಅದೇ ಕಾರಣಕ್ಕೆ ಬೇಳೆ, ನೀರು ಎರಡೂ ಸೇರಿ ಕುಕ್ಕರಿನ ಅರ್ಧವನ್ನು ದಾಟಬಾರದು. ಮೊದಲ ಸೀಟಿಯ ನಂತರ ಉರಿ ಸಣ್ಣದು ಮಾಡಿ ಇನ್ನೆರಡು ಮೂರು ಸೀಟಿ ಕೇಳಿ ಒಲೆ ಆರಿಸುತ್ತೇನೆ. ಆಮೇಲೆ ಮುಚ್ಚಳ ತೆಗೆಯುವ ಆತುರ ಮಾಡುವುದಿಲ್ಲ. ಒಳಗಿನ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿರುತ್ತದೆ, ಉಗಿ ತಾನಾಗಿ ಇಳಿಯುವ ಹತ್ತು ನಿಮಿಷದಲ್ಲಿ ಬೇಳೆ ಇನ್ನಷ್ಟು ಮೆತ್ತಗಾಗುತ್ತದೆ. ತೆಗೆದ ಮೇಲೆ ಸೌಟಿನ ಬೆನ್ನಿನಿಂದ ಕಿವುಚಿ, ಉಪ್ಪು ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿದರೆ ಊಟಕ್ಕೆ ಸಿದ್ಧ. ಒಗ್ಗರಣೆಯ ಕೊರತೆಯನ್ನು ಒಂದು ಚಮಚ ಶೇಂಗಾದ ಹಿಂಡಿ ನೀಗಿಸುತ್ತದೆ. ಹಿರಿಯರು ಇದನ್ನು ಬ್ಯಾಳಿ ಎಂದು ಒಪ್ಪುವುದಿಲ್ಲವೆಂಬುದು ನನಗೆ ಗೊತ್ತಿದೆ.

ಅದೇ ನೀರಿಗೆ ಒಂದು ಹಿಡಿ ಹುಳಿಯಾದ ಪುಂಡಿ ಸೊಪ್ಪು ಹರಿದು ಹಾಕಿದರೆ ನಿಂಬೆಹಣ್ಣು ಬೇಕಾಗುವುದಿಲ್ಲ. ಮೆಂತೆ, ಪಾಲಕ್, ರಾಜಗಿರಿ ಯಾವುದಾದರೂ ಆದೀತು. ಹೀಗೆ ಪಲ್ಯ ಮಾಡುವ ವಿದ್ಯೆಯನ್ನು ಬದಿಗಿಟ್ಟೇ ಬೇಯಿಸಿದ ಸೊಪ್ಪು ಹೊಟ್ಟೆಗೆ ಹೋಗುತ್ತದೆ.

ಇಂಥ ಊಟ ದೇಹಕ್ಕೆ ಸಾಕೇ ಎಂಬ ಸಂಶಯ ನನಗೂ ಇತ್ತು. ಲೆಕ್ಕ ಹಾಕಿ ನೋಡಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸಿನ ಪ್ರಕಾರ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ತೂಗುವವನಿಗೆ ಸುಮಾರು 50 ಗ್ರಾಂ. ನೂರು ಗ್ರಾಂ ಹಸಿ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಒಂದು ಕೋಳಿಮೊಟ್ಟೆಯಲ್ಲಿ 6 ಗ್ರಾಂ. ದಿನಕ್ಕೆ 75 ಗ್ರಾಂ ಬೇಳೆ, 200 ಗ್ರಾಂ ಜೋಳದ ರೊಟ್ಟಿ, ಒಂದು ಹಿಡಿ ಶೇಂಗಾ ಅಥವಾ ಅದರ ಹಿಂಡಿ, ಒಂದು ಬಟ್ಟಲು ಮೊಸರು ಎಂದು ಕೂಡಿಸಿದರೆ ಆ 50 ಗ್ರಾಂನ ಹತ್ತಿರ ಬರುತ್ತದೆ, ಮೊಟ್ಟೆ ತಿನ್ನುವವರಿಗೆ ಅದನ್ನು ದಾಟುವುದು ಕಷ್ಟವಲ್ಲ. ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಹೇರಳ. ಆದ್ದರಿಂದ ರೊಟ್ಟಿಯನ್ನು ಬೇಳೆಯೊಂದಿಗೆ ಉಣ್ಣುವ ರೂಢಿಗೆ ಗಟ್ಟಿಯಾದ ಕಾರಣವಿದೆ. ಸೊಪ್ಪು, ಬೇಳೆಗಳ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ನಿಂಬೆಹಣ್ಣಿನ ಸಿ ಜೀವಸತ್ವ ನೆರವಾಗುತ್ತದೆ, ಊಟದ ಜೊತೆಗೇ ಕುಡಿದ ಚಹಾ ಅಡ್ಡಿಯಾಗುತ್ತದೆ. ಊಟವಾದ ಕೂಡಲೇ ಚಹಾ ಕುಡಿಯುವ ಚಟವನ್ನು ನಾನು ಬಿಟ್ಟದ್ದು ಇದನ್ನು ತಿಳಿದ ಮೇಲೆ.

ತರಕಾರಿಗೆ ನಗರದ ಕಣ್ಣಿ ಮಾರ್ಕೆಟ್ ಇಲ್ಲವೇ ಸೂಪರ್ ಮಾರ್ಕೆಟ್ ಎಂದೇ ಕರೆಯುವ ಪೇಟೆ. ನನ್ನಲ್ಲಿ ಫ್ರಿಜ್ ಇಲ್ಲದ ಕಾರಣ ಉಳ್ಳಾಗಡ್ಡಿ, ಬಟಾಟೆ, ಬೆಳ್ಳುಳ್ಳಿ ಮಾತ್ರ ವಾರಕ್ಕಾಗುವಷ್ಟು ತರುತ್ತೇನೆ. ಸೌತೆಕಾಯಿ, ಗಜ್ಜರಿ, ಮೂಲಂಗಿ, ಎಳೆ ಮೆಂತೆ ಸೊಪ್ಪು ಆ ದಿನಕ್ಕೆ, ಹೆಚ್ಚೆಂದರೆ ಮರುದಿನಕ್ಕೆ. ಈ ಕಡೆ ಮೆಂತೆ, ಹತ್ತರಕಿ, ಮೂಲಂಗಿ ಎಲೆಗಳನ್ನು ಹಸಿಯಾಗಿಯೇ ರೊಟ್ಟಿಯ ಜೊತೆ ಕಚ್ಚಿ ತಿನ್ನುವ ವಾಡಿಕೆ ಇರುವುದರಿಂದ ಹೆಚ್ಚುವ ಕೆಲಸವೂ ತಪ್ಪುತ್ತದೆ, ಆದರೆ ತೊಳೆಯುವುದರಲ್ಲಿ ಸೋಮಾರಿತನ ಸಲ್ಲದು. ಬೇರಿನ ಮಣ್ಣು ಎಲೆಯ ಬುಡದಲ್ಲಿ ಉಳಿದಿರುತ್ತದೆ. ಅಗಲ ಪಾತ್ರೆಯಲ್ಲಿ ಮುಳುಗಿಸಿ, ನೀರು ಬದಲಿಸಿ, ಮಣ್ಣು ತಳಕ್ಕೆ ಇಳಿಯದಾಗುವವರೆಗೆ ತೊಳೆಯಬೇಕು.

ಖಾನಾವಳಿಯನ್ನು ನಾನು ಪೂರ್ತಿ ಬಿಟ್ಟಿಲ್ಲ. ತಿಂಗಳ ಡಬ್ಬಿ ಕಟ್ಟಿಸಿ ನೋಡಿದೆ. ದಿನವೂ ತೇಲುವ ಎಣ್ಣೆ, ದಿನವೂ ಬದನೆಕಾಯಿ, ರವಿವಾರ ರಾತ್ರಿ ರಜೆ. ಅದರ ಬದಲು ಬರೇ ಪಲ್ಯ ಪಾರ್ಸೆಲ್ ಕೊಡಿರೆಂದು ಕೇಳಿದರೆ ಹೆಚ್ಚಿನ ಖಾನಾವಳಿಯವರು ಇಲ್ಲವೆನ್ನುವುದಿಲ್ಲ ಎಂಬುದು ತಡವಾಗಿ ತಿಳಿಯಿತು. ರೊಟ್ಟಿ, ಬೇಳೆ, ಮೊಸರು ಕೋಣೆಯಲ್ಲಿ ಇದ್ದವನಿಗೆ ಹೊರಗಿನಿಂದ ಬೇಕಾದದ್ದು ಅದೊಂದೇ: ಕಾಳು ಪಲ್ಯ, ಎಣ್ಣೆಗಾಯಿ, ಝುಣಕ, ಆ ದಿನ ಏನಿದೆಯೋ ಅದು. ಮಧ್ಯಾಹ್ನ ತಂದ ಪಲ್ಯವನ್ನು ರಾತ್ರಿಗೆ ಇಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ಬೇಯಿಸಿದ ಪದಾರ್ಥ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಉಳಿಯಬಾರದು. ಅನ್ನದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು, ಏಕೆಂದರೆ ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಂದ ಮೇಲೂ ಬೀಜಕದ ರೂಪದಲ್ಲಿ ಬದುಕಿದ್ದು, ಅನ್ನ ಹೊರಗೆ ಕುಳಿತಾಗ ವಿಷ ಉಂಟುಮಾಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ಅನ್ನವನ್ನು ಒಂದು ಹೊತ್ತಿಗೆ ಆಗುವಷ್ಟು ಮಾತ್ರ ಮಾಡುತ್ತೇನೆ, ಬೇಳೆಯ ಕುಕ್ಕರಿನೊಳಗೇ ಮೇಲೊಂದು ಡಬ್ಬಿಯಲ್ಲಿಟ್ಟು.

ಬೆಳಗಿನ ತಿಂಡಿಗೆ ಒಲೆಯೇ ಬೇಡ. ತೆಳು ಅವಲಕ್ಕಿಗೆ ನೀರು ಚಿಮುಕಿಸಿ, ಮೊಸರು, ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ ಕಲಸುವುದು. ಇಲ್ಲವೇ ಚುರುಮುರಿಗೆ ಪುಟಾಣಿ ಹಿಟ್ಟು, ಟೊಮ್ಯಾಟೊ, ಹಿಂಡಿ, ಒಂದು ಚಮಚ ಶೇಂಗಾ ಎಣ್ಣೆ. ಮಿರ್ಚಿ ಭಜಿಯ ಬಂಡಿಯ ಮುಂದೆ ನಿಂತು ತಿಂಡಿ ಮುಗಿಸುವ ಆಸೆ ಎಲ್ಲರಿಗೂ ಆಗುತ್ತದೆ, ವಾರಕ್ಕೊಮ್ಮೆ ನಾನೂ ನಿಲ್ಲುತ್ತೇನೆ.

ಬೇಸಿಗೆಯಲ್ಲಿ ಖಾರದ ಹಿಂಡಿ, ಒಣ ರೊಟ್ಟಿ ಎರಡೂ ಗಂಟಲಿಗೆ ಇಳಿಯುವುದಿಲ್ಲ. ಆಗ ಜೋಳದ ನುಚ್ಚು. ಗಿರಣಿಯಲ್ಲಿ ಜೋಳ ಒಡೆಸಿದ ನುಚ್ಚು ಕಿರಾಣಿ ಅಂಗಡಿಗಳಲ್ಲಿ ಸಿಗುತ್ತದೆ. ಬೆಳಿಗ್ಗೆ ನೆನೆಯಿಟ್ಟು ಹೋಗಿ, ಸಂಜೆ ಹೊಸ ನೀರು ನಾಲ್ಕು ಪಟ್ಟು ಹಾಕಿ, ಉಪ್ಪು ಸೇರಿಸಿ ಕುಕ್ಕರಿನಲ್ಲಿ ಬೇಯಿಸಿ, ಆರಿದ ಮೇಲೆ ಮಜ್ಜಿಗೆ ಕಲಸಿ ಉಣ್ಣುತ್ತೇನೆ. ಸೆಕೆ ಏರಿದ ದಿನಗಳಲ್ಲಿ ನೆನೆಯಿಟ್ಟ ನೀರು ಸಂಜೆಗೆ ಹುಳಿ ವಾಸನೆ ಹೊಡೆಯುತ್ತದೆ. ಆಗ ಎರಡು ಗಂಟೆ ನೆನೆಸಿದರೂ ಸಾಕು, ಒಂದು ಸೀಟಿ ಹೆಚ್ಚು ಕೇಳಿದರಾಯಿತು. ಸಣ್ಣ ಪೊಟ್ಟಣದ ಮೊಸರು ಬೆಳಿಗ್ಗೆ ಒಡೆದದ್ದು ಸಂಜೆಗೆ ಹುಳಿಯಾಗುವುದರಿಂದ ಅದೂ ಮಜ್ಜಿಗೆಗೆ ಹೋಗುತ್ತದೆ, ವ್ಯರ್ಥವಾಗುವುದಿಲ್ಲ. ಜ್ವರ ಬಂದಾಗಲೂ ಇದೇ ನುಚ್ಚು, ಇನ್ನಷ್ಟು ತೆಳ್ಳಗೆ, ಬಿಸಿಯಾಗಿ.

ಸಾಮಾನು ಹೆಚ್ಚೇನಿಲ್ಲ: ಮೂರು ಲೀಟರಿನ ಕುಕ್ಕರ್, ಅದರೊಳಗೆ ಕೂರುವ ಡಬ್ಬಿ, ಒಂದು ಹೆಂಚು, ಒಂದು ಪಾತ್ರೆ, ಚಾಕು. ಮನೆಯ ಮಾಲೀಕರು ಗ್ಯಾಸ್ ಬೇಡವೆಂದರೆ ಇಂಡಕ್ಷನ್ ಒಲೆ ಸಾಕಾಗುತ್ತದೆ, ಆದರೆ ಅದಕ್ಕೆ ತಳ ಚಪ್ಪಟೆಯಾಗಿ ಅಯಸ್ಕಾಂತ ಹಿಡಿಯುವಂಥ ಕುಕ್ಕರೇ ಬೇಕು. ಗ್ಯಾಸಿಗೆ ಒಪ್ಪಿದರೆ, ಸ್ಥಳೀಯ ವಿಳಾಸದ ದಾಖಲೆ ಇಲ್ಲದವರಿಗೂ ಐದು ಕಿಲೋದ ಸಣ್ಣ ಸಿಲಿಂಡರ್ ದೊರೆಯುತ್ತದೆ.

ಈ ವ್ಯವಸ್ಥೆ ಅಲುಗುವುದು ಹಬ್ಬ ಮತ್ತು ಮದುವೆಯ ದಿನಗಳಲ್ಲಿ. ಎಳ್ಳಮಾವಾಸ್ಯೆಗೆ ಊರೆಲ್ಲ ಭಜ್ಜಿ (ಕಾಳು, ಸೊಪ್ಪು, ತರಕಾರಿ ಬೆರೆಸಿ ಬೇಯಿಸಿದ ಪಲ್ಯ), ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ, ಖಾನಾವಳಿಗಳ ಬಾಗಿಲು ಹಾಕಿರುತ್ತದೆ. ಮದುವೆಯ ಹಂಗಾಮಿನಲ್ಲಿ ರೊಟ್ಟಿ ಬಡಿಯುವವರಿಗೆ ಸಾವಿರಗಟ್ಟಲೆ ರೊಟ್ಟಿಯ ಆರ್ಡರ್ ಇರುವುದರಿಂದ ನನ್ನಂಥ ಹತ್ತು ಇಪ್ಪತ್ತು ರೊಟ್ಟಿಯ ಗಿರಾಕಿಗೆ ಸರದಿ ಬರುವುದು ಕಷ್ಟ. ಆದ್ದರಿಂದ ಪಂಚಾಂಗ ನೋಡಿಕೊಂಡು ಅಕ್ಕನಿಗೆ ಒಂದು ವಾರ ಮೊದಲೇ ಹೇಳಿ, ಮುಂಗಡ ಕೊಟ್ಟು, ಡಬ್ಬಿ ತುಂಬಿಸಿ ಇಟ್ಟುಕೊಳ್ಳುತ್ತೇನೆ.