ಕಿಟಕಿ ಸರಳಿನಲ್ಲಿ ಕಾಫಿ ಎಲೆ

ಕೀಲಿ ಗೊಂಚಲಿಗೋ ಗೋಡೆಯ ಕೊಕ್ಕೆಗೋ ಕಬ್ಬಿಣದ ಎಲೆ ಬಡಿದು ನೋಡಿದವರ ದೂರು ಸಾಮಾನ್ಯವಾಗಿ ಒಂದೇ: ಎಲೆ ಚೆನ್ನಾಗಿ ಬಂತು, ತೊಟ್ಟು ಕಿತ್ತುಹೋಯಿತು. ತಪ್ಪು ಆಗುವುದು ಎಲೆ ಅಗಲಿಸುವಾಗಲ್ಲ, ಅದಕ್ಕೂ ಮೊದಲೇ.

ಮೂಡಿಗೆರೆ, ಚಿಕ್ಕಮಗಳೂರಿನ ಕಡೆ ಹಳೇ ಹೆಂಚಿನ ಮನೆ ಕೆಡವಿದಾಗ ಗುಜರಿಗೆ ಬರುವ 12 ಮಿ.ಮೀ. ಕಿಟಕಿ ಸರಳು ಇದಕ್ಕೆ ಹೇಳಿ ಮಾಡಿಸಿದ್ದು. ಒಂದೂವರೆ ಅಡಿ ತುಂಡಿದ್ದರೆ ಹಿಡಿಯುವ ತುದಿ ಸುಡುವುದಿಲ್ಲ, ಇಕ್ಕಳ ಬೇಡ. ಬಣ್ಣವನ್ನು ಮೊದಲೇ ಕೆರೆದು ತೆಗೆಯಿರಿ. ಟಿಎಂಟಿ ಕಂಬಿ ಬೇಡ. ಅದರ ಏಣುಗಳು ಏಟಿಗೆ ಮಡಚಿಕೊಂಡು ಒಳಗೇ ಬಿರುಕಾಗಿ ಉಳಿಯುತ್ತವೆ. ಜೀಪಿನ ಸ್ಪ್ರಿಂಗ್ ಪಟ್ಟಿಯೂ ಬೇಡ. ಕೆಂಪಗಿದ್ದಾಗ ನೀರಿಗೆ ಅದ್ದಿದರೆ ಗಾಜಿನಂತೆ ಒಡೆಯುತ್ತದೆ. ಸತು ಲೇಪಿಸಿದ ಜಿಐ ಪೈಪನ್ನಂತೂ ಕುಲುಮೆಯ ಹತ್ತಿರ ತರಲೇಬಾರದು. ಅದರ ಸತು 907 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗುತ್ತದೆ, ಕುಡಿದವರಿಗೆ ರಾತ್ರಿ ಚಳಿಜ್ವರ. ಹಾಲು ಕುಡಿದರೆ ಹೋಗುತ್ತದೆ ಎಂಬ ಮಾತನ್ನು ನಂಬಬೇಡಿ.

ತೆಂಗಿನ ಚಿಪ್ಪಿನ ಇದ್ದಿಲು, ಕೈಯಲ್ಲಿ ತಿರುಗಿಸುವ ಬ್ಲೋವರ್, ಅಡಿಗಲ್ಲಿಗೆ ರೈಲು ಹಳಿಯ ತುಂಡು, ಒಂದು ಕೆ.ಜಿ. ಸುತ್ತಿಗೆ ಸಾಕು. ಕನ್ನಡಕ, ಹತ್ತಿ ಬಟ್ಟೆ ಕಡ್ಡಾಯ. ಕೆಲಸ ನೆರಳಿನಲ್ಲೇ ಆಗಬೇಕು, ಬಿಸಿಲಿನಲ್ಲಿ ಕಾವಿನ ಬಣ್ಣ ತಿಳಿಯುವುದಿಲ್ಲ. ಕಿತ್ತಳೆ-ಹಳದಿಗೆ ಬಂದಾಗ ಬಡಿಯಿರಿ, ಮಂದ ಕೆಂಪಾದರೆ ನಿಲ್ಲಿಸಿ.

ಮೊದಲು ತುದಿಯನ್ನು ನಾಲ್ಕು ಮುಖದ ಗಿಡ್ಡ ಮೊನೆ ಮಾಡಿ. ಉದ್ದ ಮೊನೆ ಬೆಂಕಿಯಲ್ಲಿ ಸುಟ್ಟುಹೋಗುತ್ತದೆ.

ಇನ್ನು ತೊಟ್ಟು. ಹಳಿಯ ಒಂದು ಅಂಚನ್ನು ಅರದಿಂದ ಉಜ್ಜಿ, 3 ಮಿ.ಮೀ. ದುಂಡಗೆ ಮಾಡಿಕೊಳ್ಳದೆ ಇದಕ್ಕೆ ಕೈ ಹಾಕಬೇಡಿ. ಚೂಪು ಅಂಚು ಸರಳನ್ನು ಒತ್ತುವುದಿಲ್ಲ, ಕಚ್ಚುತ್ತದೆ. ಎಲೆ ಮುಂದೆ ಮುರಿಯುವುದು ಆ ಕಚ್ಚಿನಲ್ಲೇ. ಮೊನೆಯಿಂದ 25 ಮಿ.ಮೀ. ಭಾಗ ಆ ಅಂಚಿನಿಂದ ಆಚೆ ಚಾಚಿರಲಿ. ಸುತ್ತಿಗೆಯ ಮುಖ ಅರ್ಧ ಹಳಿಯ ಮೇಲೆ, ಅರ್ಧ ಹೊರಗೆ ಬೀಳಬೇಕು. ಮೂರು ಏಟು, ಕಾಲು ಸುತ್ತು ತಿರುಗಿಸಿ ಮೂರು ಏಟು, ಮತ್ತೆ ಮೊದಲಿನ ಮುಖ. ಪ್ರತಿ ಸಲವೂ ಏಟಿಗೆ ಸರಳಿನಲ್ಲಿ ಬಿದ್ದ ಮೆಟ್ಟಿಲು ಅಂಚಿಗೆ ತಾಗಿಯೇ ಕೂರಬೇಕು. ಎರಡು ಮಿ.ಮೀ. ಸರಿದರೂ ಇನ್ನೊಂದು ಮೆಟ್ಟಿಲಾಗಿ, ಒಂದರ ಮೇಲೊಂದು ಮಡಚಿ, ಕಪ್ಪು ಕೂದಲೆಳೆಯಂಥ ಗೆರೆ ಕಾಣುತ್ತದೆ. ಬಡಿದರೆ ಅದು ಬೆಸೆಯುವುದಿಲ್ಲ, ಆಳಕ್ಕೆ ಇಳಿಯುತ್ತದೆ. ತಣಿಸಿ, ದುಂಡು ಅರದಿಂದ ಗೆರೆ ಮಾಯವಾಗುವವರೆಗೆ ಉಜ್ಜಿ, ಆಮೇಲೆ ಮುಂದುವರಿಯಿರಿ.

ಹೀಗೆ ಸಣ್ಣಗಾದ ಕತ್ತು, ಅಂದರೆ ಎಲೆ ತೊಟ್ಟಿಗೆ ಸೇರುವ ಜಾಗ, 7 ಮಿ.ಮೀ.ಗೆ ಬಂದರೆ ಅಲ್ಲಿಗೆ ಸಾಕು. ಇಲ್ಲೇ ಹಲವರು ಆಸೆಬಿದ್ದು 4ಕ್ಕೆ ಇಳಿಸಿಬಿಡುತ್ತಾರೆ. ತೆಳುವಾದ ಕತ್ತು ಅಡಿಗಲ್ಲಿಗೆ ತಾಗಿದ ಕೂಡಲೇ ಕಾವು ಕಳೆದುಕೊಳ್ಳುತ್ತದೆ. ಎಲೆ ಇನ್ನೂ ಕಿತ್ತಳೆ ಬಣ್ಣಕ್ಕೇ ಇರುತ್ತದೆ, ಕತ್ತು ಕಪ್ಪಾಗಿರುತ್ತದೆ. ಆಗ ಬಡಿದರೆ ತುಂಡು.

ಕತ್ತಿನ ಹಿಂದಿನ ಭಾಗವನ್ನು ಚೌಕವಾಗಿಯೇ ಎಳೆಯಿರಿ, ನಂತರ ಎಂಟು ಮೂಲೆ, ಕೊನೆಗೆ ದುಂಡು. ಮೊದಲಿನಿಂದಲೇ ದುಂಡಗೆ ಬಡಿದರೆ ನಡುವೆ ಸೀಳು ಬರುತ್ತದೆ. ಚೌಕ ವಾರೆಯಾದರೆ ಉದ್ದದ ಮೂಲೆಗಳನ್ನು ಮೊದಲು ತಗ್ಗಿಸಿ. ಕತ್ತನ್ನು 5 ಮಿ.ಮೀ.ಗೆ ಇಳಿಸುವುದು ಎಲೆ ಅಗಲಿಸಿದ ಮೇಲೆ.

ಎಲೆಯನ್ನು ಸುತ್ತಿಗೆಯ ಹಿಂಬದಿಯ ಮೊಂಡು ಏಣಿನಿಂದ ಬಡಿಯಿರಿ, ಏಣು ಎಲೆಯ ಉದ್ದಕ್ಕೆ ಇರಲಿ. ಅಡ್ಡ ಹಿಡಿದರೆ ಅಗಲವಾಗುವ ಬದಲು ಉದ್ದವಾಗುತ್ತದೆ. ನಡುವೆ 2, ಅಂಚಿಗೆ 1 ಮಿ.ಮೀ. ಇಷ್ಟು ತೆಳುವಾದದ್ದು ಬೇಗ ಕಾಯುತ್ತದೆ, ಗಾಳಿ ತಗ್ಗಿಸಿ. ಬಿಳಿ ಕಿಡಿ ಚಿಮ್ಮಿತೆಂದರೆ ಉಕ್ಕು ಸುಟ್ಟಿದೆ, ಅಷ್ಟನ್ನು ಕತ್ತರಿಸಿ ಎಸೆಯಿರಿ. ಈ ಸರಳಿಗೆ ಅರೇಬಿಕಾ ಎಲೆಯೇ ಒಪ್ಪುತ್ತದೆ. ರೊಬಸ್ಟಾ ಎಲೆ ಅಗಲ, ಅದಕ್ಕೆ 16 ಮಿ.ಮೀ. ಬೇಕು.

ನರಗಳಿಗೆ ಮೊಂಡು ಮಾಡಿದ ಚಾಣ, ಮಸೆದದ್ದಲ್ಲ. ನಡುನರ ಒಂದೇ ಕಾವಿನಲ್ಲಿ ಮುಗಿಯಲಿ, ಅಡ್ಡ ನರ ಏಳೆಂಟು ಜೊತೆ. ಅಂಚನ್ನು ಇಕ್ಕಳದಿಂದ ಸ್ವಲ್ಪ ಅಲೆಯಾಗಿಸಿ, ತೊಟ್ಟು ಬಗ್ಗಿಸಿ, ಸರಳಿನಿಂದ ಕತ್ತರಿಸಿ.

ಸ್ಪ್ರೇ ಕಪ್ಪು ಬಣ್ಣ ನರಗಳನ್ನೆಲ್ಲ ಮುಚ್ಚಿಬಿಡುತ್ತದೆ, ಬೇಡ. ತಂತಿ ಬ್ರಷ್‌ನಿಂದ ಉಜ್ಜಿ, ಜೇನುಮೇಣ ತಾಗಿಸಿದರೆ ಸಣ್ಣಗೆ ಹೊಗೆಯಾಡುವಷ್ಟು ಬಿಸಿಯಿರುವಾಗಲೇ ಸವರಿ ಬಟ್ಟೆಯಿಂದ ಒರೆಸಿ. ಮಲೆನಾಡಿನ ಮಳೆಗೆ ಹೊರಗಿಟ್ಟರೆ ಈ ಮೇಣ ತಡೆಯುವುದಿಲ್ಲ. ತುಕ್ಕು ಮೊದಲು ಹಿಡಿಯುವುದು ನರದ ಗೆರೆಗಳಲ್ಲಿ, ಜೂನ್‌ಗೆ ಮುಂಚೆ ಇನ್ನೊಮ್ಮೆ ಬಿಸಿ ಮಾಡಿ ಸವರಿ.