ಭಾನುವಾರ ಸಂಜೆಯ ಹೊಟ್ಟೆನೋವು

ಭಾನುವಾರ ಸಂಜೆಯಾದರೆ ಸಾಕು, ನನ್ನ ಮಗಳಿಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಸೋಮವಾರ ಶಾಲೆ ಆಟೋದ ಹಾರ್ನ್ ಕೇಳಿದರೆ ವಾಂತಿ. ಆಗ ಅವಳಿಗೆ ಎಂಟು ವರ್ಷ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದೆವು, ಏನೂ ಸಿಗಲಿಲ್ಲ. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನಾನು ಎರಡು ಏಟು ಕೊಟ್ಟೆ. ಅದನ್ನು ಬರೆಯಲು ಈಗಲೂ ನಾಚಿಕೆ.

"ಅವ್ವಾ, ನಾ ಸಾಲಿಗಿ ಹೋಗಲ್ಲ" ಅಂತ ಬಾಗಿಲ ಚಿಲಕ ಹಿಡಿದು ನಿಂತುಬಿಡುತ್ತಿದ್ದಳು.

ಕೊನೆಗೆ ಕೌನ್ಸೆಲರ್ ಒಬ್ಬರ ಹತ್ತಿರ ಹೋದೆವು. "ಇದು ನಾಟಕ ಅಲ್ರಿ, ಅಂಜಿಕಿ. ಅಂಜಿದಾಗ ಹೊಟ್ಟಿ ಖರೇನೇ ನೋಯ್ತದ್ರಿ" ಅಂದರು. ಜೊತೆಗೆ ಇನ್ನೊಂದು ಮಾತು ಹೇಳಿದರು. ಶಾಲೆ ಬಿಡಿಸಿದರೆ ಇವತ್ತಿನ ಅಂಜಿಕೆ ಇಳಿಯುತ್ತದೆ. ಆದರೆ ಮಗು ಮನೆಯಲ್ಲೇ ಕೂತರೆ ಅದು ಕಿರಾಣಿ ಅಂಗಡಿಗೆ, ಮದುವೆ ಮನೆಗೆ, ಎಲ್ಲದಕ್ಕೂ ಹಬ್ಬುತ್ತದೆ. (ಎಲ್ಲಿ ಹೋಗಬೇಕು ಅಂತ ತಿಳಿಯದವರು 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಇಲ್ಲ.)

ಅರ್ಧ ದಿನ ಕಳಿಸುತ್ತೇವೆ ಅಂತ ಶಾಲೆಯಲ್ಲಿ ಕೇಳಿದೆವು. ಒಪ್ಪಲಿಲ್ಲ. ಮನೆಯಲ್ಲೇ ಕಲಿಸೋಣ ಅಂತ ಟಿಸಿ ತಂದೆವು.

ನನ್ನ ಮೊದಲ ತಪ್ಪು ಮಾರನೇ ದಿನವೇ ಆಯಿತು. ಗೋಡೆಗೆ ಟೈಮ್ ಟೇಬಲ್ ಅಂಟಿಸಿದೆ. ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಕನ್ನಡ. ಮೂರನೇ ದಿನ ಹೊಟ್ಟೆನೋವು ವಾಪಸ್ ಬಂತು. ಶಾಲೆಯನ್ನೇ ಮನೆಗೆ ತಂದಿದ್ದೆ, ಅಲ್ವಾ? ಹರಿದು ಹಾಕಿದೆ. ಆಮೇಲೆ ಆರು ವಾರ ಪುಸ್ತಕ ಮುಟ್ಟಿಸಲಿಲ್ಲ. ಆ ಆರು ವಾರ ನನಗೆ ನಿದ್ದೆ ಬರಲಿಲ್ಲ, ಅವಳು ಮಾತ್ರ ಚೆನ್ನಾಗಿ ಮಲಗಿದಳು.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅವಳು ಸುಮ್ನೆ ಮಷಿನ್ ಪಕ್ಕ ಬಂದು ಕೂರತೊಡಗಿದಳು. ಎದೆ ಸುತ್ತಳತೆ 36 ಇಂಚು ಇದ್ದರೆ ಕಾಲು ಭಾಗ 9, ಅದಕ್ಕೆ ಹೊಲಿಗೆಯ ಬಟ್ಟೆ ಸೇರಿಸಬೇಕು. 34 ಬಂದಾಗ ಎಂಟೂವರೆ ಅಂತ ಅವಳೇ ಹೇಳಿದಳು. ಶಾಲೆಯಲ್ಲಿ ಭಿನ್ನರಾಶಿ ಅಂದರೆ ಅಳುತ್ತಿದ್ದ ಹುಡುಗಿ. ಟೇಪಿನ ಮೇಲೆ ಅರ್ಧ, ಕಾಲು, ಅರೆಕಾಲು ಎಲ್ಲಾ ಕಣ್ಣಿಗೇ ಕಾಣುತ್ತವೆ.

ಕೌನ್ಸೆಲರ್ ಮಾತು ನೆನಪಿಟ್ಟುಕೊಂಡು ದಿನಾ ಒಮ್ಮೆ ಹೊರಗೆ ಕರೆದುಕೊಂಡು ಹೋಗುತ್ತಿದ್ದೆ. ಇದರಲ್ಲಿ ಮಾತ್ರ ರಿಯಾಯಿತಿ ಕೊಡಲಿಲ್ಲ. ಮೊದಲ ವಾರ ಮೂಲೆ ಅಂಗಡಿಯಲ್ಲಿ ಅವಳೇ ದುಡ್ಡು ಕೊಟ್ಟು ಬೆಲ್ಲ ತರುವುದು. ಆಮೇಲೆ ಬೀದರ್ ಕೋಟೆ. ಆಮೇಲೆ ಚೌಬಾರಾ ಕಡೆಯ ಒಂದು ಬಿದ್ರಿ ಅಂಗಡಿ, ಕಪ್ಪು ಲೋಹದ ಮೇಲೆ ಬೆಳ್ಳಿ ಚಿತ್ತಾರದ ಪಾತ್ರೆ ಮಾಡುವವರದು. ಮೂರು ದಿನ ಹೊಸ್ತಿಲಲ್ಲೇ ನಿಂತಳು, ನಾನೂ ಜೊತೆಗೆ ನಿಂತೆ. ನಾಲ್ಕನೇ ದಿನ ಒಳಗೆ ಹೋಗಿ, "ಚಾಚಾ, ಇದು ಹ್ಯಾಂಗ್ ಕರ್ರಗಾಯ್ತು?" ಅಂತ ಕೇಳಿಯೇಬಿಟ್ಟಳು. ಅವರು ಕೆತ್ತುವುದನ್ನು ನಿಲ್ಲಿಸಿ ವಿವರಿಸಿದರು. ಸತು ಹೆಚ್ಚು, ತಾಮ್ರ ಸ್ವಲ್ಪ, ಸುಮಾರು 16ಕ್ಕೆ 1. ಅದರಲ್ಲಿ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ರಾತ್ರಿ ತಾನಾಗಿಯೇ ನೋಟ್‌ಬುಕ್ ಕೇಳಿದಳು. ಎರಡು ಪುಟ ಬರೆದಳು, ಒತ್ತಕ್ಷರ ತಪ್ಪುಗಳ ಸಮೇತ. ನಾನು ಕೆಂಪು ಪೆನ್ನು ಮುಟ್ಟಲಿಲ್ಲ.

ಈಗ ಒಂದೂವರೆ ವರ್ಷ ಆಯಿತು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಬೇಕಾದ ಪಾಠ ಪ್ರಿಂಟ್ ತೆಗೆಸುತ್ತೇನೆ. ದಿನಕ್ಕೆ ಎರಡು ತಾಸಿಗಿಂತ ಜಾಸ್ತಿ ಕೂರಿಸುವುದಿಲ್ಲ. ಪರಿಸರ ಅಧ್ಯಯನದಲ್ಲಿ ಮುಂದಿದ್ದಾಳೆ, ಇಂಗ್ಲಿಷ್‌ನಲ್ಲಿ ಹಿಂದೆ.

"ಮುಂದ ಸರ್ಟಿಫಿಕೇಟ್ ಏನ್ ಮಾಡ್ತೀರಿ?" ಅಂತ ನೆಂಟರು ಕೇಳುತ್ತಲೇ ಇರುತ್ತಾರೆ. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನಲ್ಲಿ ಎ, ಬಿ, ಸಿ ಅಂತ ಹಂತಗಳಿವೆ. ಮೂರು, ಐದು, ಎಂಟನೇ ತರಗತಿಗೆ ಸಮ. 14 ತುಂಬಿದರೆ ಹತ್ತನೆಯದ್ದೂ ಅಲ್ಲೇ ಕಟ್ಟಬಹುದು. ವಾಪಸ್ ಶಾಲೆಗೆ ಹೋಗುವುದಾದರೂ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಇದನ್ನು ತಿಳಿದ ಮೇಲೆ ನಮ್ಮ ಯಜಮಾನರಿಗೆ ಊಟ ಸೇರಿತು.

ಹೋದ ವಾರ ಸಂಜೆ ಹಳೇ ಶಾಲೆಯ ಗೇಟ್ ಮುಂದೆ ಬಂದೆವು. ನನ್ನ ಕೈ ಗಟ್ಟಿಯಾಗಿ ಹಿಡಿದಳು. ಬೀಗ ಹಾಕಿದೆ ಅಂತ ನೋಡಿಕೊಂಡು, ಸಂದಿಯಿಂದ ಒಳಗೆ ಇಣುಕಿ, "ಬೇವಿನ ಗಿಡ ಕಡದಾರ ನೋಡವ್ವಾ" ಅಂದಳು.